ಏಪ್ರಿಲ್ ಹದಿನಾರರ ಉಪವಾಸ

ಗೋದಾ ಮೇಡಂ ನಾಯಿ ಮುಟ್ಟುತ್ತಾರೆ ಎಂದು ೨೦೦೪ರ ಮೇ ತಿಂಗಳಿಗೆ ಮುಂಚೆ ಬಸವನಗುಡಿಯಲ್ಲಿ ಯಾರಾದರೂ ಹೇಳಿದ್ದರೆ, ಪಾಪ ಬಿಸಿಲು ಹತ್ತಿರಬೇಕು ಎಂದು ಜನ ಅವರನ್ನು ನೆರಳಿನಲ್ಲಿ ಕೂರಿಸಿ ನಿಂಬೆಹಣ್ಣಿನ ಪಾನಕ ಕೊಡುತ್ತಿದ್ದರು. ಗಾಂಧಿ ಬಜಾರಿನಿಂದ ಎರಡು ತಿರುವು ಒಳಗಿದ್ದ ಆ ಅಡ್ಡರಸ್ತೆಯಲ್ಲಿ ಗೋದಾ ಅವರ ಮಡಿ ಅಷ್ಟು ಹೆಸರುವಾಸಿ. ಮೂವತ್ತಮೂರು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಮದುವೆಯ ಗೊಡವೆಗೆ ಹೋಗದವರು, ತಮ್ಮ ರಾಮಾನುಜನ ಸಂಸಾರದ ಜೊತೆಯಲ್ಲಿದ್ದುಕೊಂಡು ಆ ಸಂಸಾರವನ್ನು ಆಳುತ್ತಿದ್ದವರು. ಸ್ನಾನವಾದ ಮೇಲೆ ಅವರ ಮೂರು ಹೆಜ್ಜೆ ಆಸುಪಾಸಿನಲ್ಲಿ ಯಾರೂ ಸುಳಿಯುವಂತಿಲ್ಲ. ಸ್ವಂತ ತಮ್ಮನೇ ಆಫೀಸಿಗೆ ಹೊರಡುವಾಗ ಟಿಫಿನ್ ಡಬ್ಬಿಗಾಗಿ ನಡುಮನೆಯ ಗೋಡೆಗೆ ಒರಗಿ ನಿಂತು, "ಅಕ್ಕಾ, ಇಟ್ಬಿಟ್ಟು ಸರ್ಕೊ" ಎನ್ನಬೇಕು. ಇಟ್ಟು ಸರಿದ ಮೇಲೆ ಎತ್ತಿಕೊಳ್ಳಬೇಕು.

ಹಾಗಾದರೆ ಬೆಳಿಗ್ಗೆ ಐದು ಗಂಟೆಗೆ ಆ ಮನೆಯ ಹಿಂಬಾಗಿಲಲ್ಲಿ ನಡೆಯುತ್ತಿದ್ದುದೇನು? ಹೇಳುತ್ತೇನೆ, ಯಾರಿಗೂ ಗೊತ್ತಿಲ್ಲದ ವಿಷಯ. ಐದಕ್ಕೆ ಸರಿಯಾಗಿ, ಸ್ನಾನಕ್ಕೆ ಮುಂಚೆ, ಗೋದಾ ಹಿಂದಿನ ಗಲ್ಲಿಯ ಬಾಗಿಲು ತೆಗೆಯುತ್ತಿದ್ದರು. ಅಲ್ಲೊಂದು ನಾಯಿ ಕಾದು ಕೂತಿರುತ್ತಿತ್ತು. ಕಂದು ಮೈ, ಮಡಿಚಿಕೊಂಡ ಎಡಗಿವಿ, ಬಾಲದ ತುದಿಯಲ್ಲಿ ಒಂದಿಷ್ಟು ಬಿಳಿ. ರಾತ್ರಿಯ ಅನ್ನಕ್ಕೆ ಮೊಸರು ಕಲಸಿ ಮುತ್ತುಗದ ಎಲೆಯಲ್ಲಿಟ್ಟು, ಅದು ತಿನ್ನುವಷ್ಟು ಹೊತ್ತು ಮೆಟ್ಟಿಲ ಮೇಲೆ ಕುಳಿತು, ಆ ಮಡಿಚಿದ ಕಿವಿಯನ್ನು ನೀವುತ್ತಿದ್ದರು. "ಗುಂಡೂ, ನಿಧಾನ ಕಣೋ. ಯಾರು ಕಿತ್ಕೊಂಡು ಹೋಗ್ತಾರೆ?" ಎನ್ನುತ್ತಿದ್ದರು. ಐದೂಕಾಲಿಗೆ ಬಾಗಿಲು ಹಾಕಿ ಸೀದಾ ಬಚ್ಚಲಿಗೆ. ಸ್ನಾನಕ್ಕೆ ಮುಂಚಿನದು ಯಾವುದೂ ಮಡಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರದೇ ಸೂತ್ರ. ಗಣಿತದ ಮೇಡಂ ಅಲ್ಲವೇ, ಕಂಸ ಎಲ್ಲಿ ಹಾಕಬೇಕೆಂದು ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷದಿಂದ ನಡೆದುಬಂದ ವ್ಯವಹಾರ ಇದು.

ಹಗಲಿನಲ್ಲಿ ಅದೇ ನಾಯಿ ಮುಂಬಾಗಿಲಿಗೆ ಬಂದರೆ, "ಹಚಾ! ಯಾರದಿದು ಪ್ರಾರಬ್ಧ?" ಎಂದು ಕೋಲು ಎತ್ತುತ್ತಿದ್ದವರೂ ಇವರೇ. ನಾಯಿ ಒಂದಿಷ್ಟೂ ಬೇಜಾರು ಮಾಡಿಕೊಳ್ಳದೆ ಎದುರುಮನೆಗೆ ಹೋಗುತ್ತಿತ್ತು. ಎದುರುಮನೆಯ ಶೈಲಜಮ್ಮ ಅದನ್ನು ರಾಜ ಎಂದು ಕರೆದು ಚಪಾತಿ ಹಾಕುತ್ತಿದ್ದರು. ಅವರ ಯಜಮಾನರಿಗೆ ಮಾಮೂಲ್‌ಪೇಟೆಯಲ್ಲಿ ಪಾತ್ರೆ ಅಂಗಡಿ, ಮನೆ ತುಂಬ ಜನ, ಕೈ ಎತ್ತಿ ಕೊಡುವ ಹೆಂಗಸು. ಪಕ್ಕದ ಮನೆಯ ಶ್ರೀನಿವಾಸಯ್ಯ, ನಿವೃತ್ತ ಹೆಡ್‌ಕ್ಲಾರ್ಕು, ಅದನ್ನು ಟೈಗರ್ ಎಂದು ಕರೆದು, "ಅದು ಅಸಲಿಗೆ ನಮ್ಮದೇ. ನನ್ನ ಮಾತು ಬಿಟ್ರೆ ಯಾರ ಮಾತೂ ಕೇಳಲ್ಲ" ಎನ್ನುತ್ತಿದ್ದರು. ಅದು ಅವರ ಮಾತನ್ನೂ ಕೇಳುತ್ತಿರಲಿಲ್ಲ.

ಮಾರ್ಚಿ ಹತ್ತನೇ ತಾರೀಕು ಆ ನಾಯಿಗೆ ನಾಲ್ಕನೇ ಹೆಸರು ಬಂತು. ರಾಮಾನುಜನ ಮಗಳು ತನ್ಮಯಿ ಎಂ.ಎಸ್ಸಿ. ಮನಶ್ಶಾಸ್ತ್ರದ ಕೊನೆಯ ವರ್ಷದಲ್ಲಿದ್ದಳು. ಬೀದಿನಾಯಿಯ ಮನಸ್ಸಿನ ನೆಮ್ಮದಿ, ಅದರ ಮೇಲೆ ಸುತ್ತಲಿನ ಪರಿಸರದ ಪರಿಣಾಮ, ಇದು ಅವಳ ಸಂಶೋಧನೆ. ಒಂದೇ ನಾಯಿ, ಮೂರು ತಿಂಗಳು, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಏನು ಮಾಡಿತು, ಎಲ್ಲಿ ಮಲಗಿತು, ಯಾರ ಮನೆಯಲ್ಲಿ ಏನು ತಿಂದಿತು, ಎಲ್ಲ ನೋಟ್‌ಬುಕ್ಕಿಗೆ. ತಾನು ಕಾಲೇಜಿಗೆ ಹೋದಾಗ ಬರೆದಿಡಲು ಶೈಲಜಮ್ಮನಿಗೂ ಶ್ರೀನಿವಾಸಯ್ಯನಿಗೂ ಹಾಳೆ ಹಂಚಿದ್ದಳು. ನೋಟ್‌ಬುಕ್ಕಿನಲ್ಲಿ ನಾಯಿಯ ಹೆಸರು ಒಂದನೇ ವಿಷಯ, ಅಂದರೆ ಸಬ್ಜೆಕ್ಟ್ ಒನ್.

"ಎರಡನೇ ವಿಷಯ ಯಾವುದೇ?" ಎಂದು ಗೋದಾ ಕೇಳಿದರು.

"ಎರಡನೇದು ಇಲ್ಲ ಅತ್ತೆ. ಇದೊಂದೇ."

"ಒಂದೇ ಇದ್ರೆ ಅದಕ್ಕೆ ನಂಬರ್ ಯಾಕೆ?"

ತನ್ಮಯಿ ನೋಟ್‌ಬುಕ್ಕು ಮುಚ್ಚಿದಳು. ನಾಯಿ ವಿಷಯದಲ್ಲಿ ಅತ್ತೆಯ ಜೊತೆ ಜಾಸ್ತಿ ಮಾತು ಬೆಳೆಸಬಾರದೆಂದು ಅವಳು ಎಂಟನೇ ವಯಸ್ಸಿಗೇ ಕಲಿತಿದ್ದಳು. ಆಗ ಸ್ಕೂಲ್ ಬ್ಯಾಗಿನಲ್ಲಿ ಅಂಗೈಯಷ್ಟು ನಾಯಿಮರಿಯೊಂದನ್ನು ಬಚ್ಚಿಟ್ಟು ತಂದಿದ್ದಳು. ಗೋದಾ ಆ ಮರಿಯನ್ನು ಬ್ಯಾಗಿನ ಸಮೇತ ಹೊರಗಿಡಿಸಿ, ಹುಡುಗಿಯ ತಲೆಗೆ ನೀರು ಹುಯ್ಯಿಸಿದ್ದರು. ಹುಡುಗಿ ಎರಡು ದಿನ ಊಟ ಬಿಟ್ಟು ಅತ್ತಿದ್ದಳು. ಅದನ್ನು ತನ್ಮಯಿ ಮರೆತಿರಲಿಲ್ಲ. ಗೋದಾ ಕೂಡ ಮರೆತಿರಲಿಲ್ಲ, ಆದರೆ ಅದು ತನ್ಮಯಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹಿಂಬಾಗಿಲಲ್ಲಿ ಈ ಗುಂಡು ಚಿಕ್ಕ ಮರಿಯಾಗಿ ನಡುಗುತ್ತಾ ನಿಂತಿದ್ದಾಗ ಗೋದಾಗೆ ಮೊದಲು ನೆನಪಾಗಿದ್ದು ಆ ಸ್ಕೂಲ್ ಬ್ಯಾಗೇ.

ಏಪ್ರಿಲ್ ಬರುವ ಹೊತ್ತಿಗೆ ಸಂಶೋಧನೆ ಬೀದಿಯನ್ನೇ ಆಕ್ರಮಿಸಿತು. ನಾಯಿಯ ಬುದ್ಧಿಗೆ ಕೆಲಸ ಬೇಕು, ಮೂಗಿಗೆ ಕೆಲಸ ಬೇಕು, ಬೇಸರ ಹೋಗಬೇಕು ಎಂದು ತನ್ಮಯಿ ಹೊಂಗೆ ಮರಕ್ಕೆ ಟೈರು ಕಟ್ಟಿಸಿದಳು. ರಟ್ಟಿನ ಡಬ್ಬಕ್ಕೆ ತೂತು ಕೊರೆದು ಒಳಗೆ ಹಳೆಯ ಬಟ್ಟೆ ತುರುಕಿ, ಅದರ ಮಡಿಕೆಗಳಲ್ಲಿ ಬಿಸ್ಕತ್ತು ಬಚ್ಚಿಟ್ಟಳು. ಟೈರಿನಲ್ಲಿ ಬೀದಿಯ ಮಕ್ಕಳು ಜೋಕಾಲಿ ಆಡಿದರು. ಡಬ್ಬದ ಮೇಲೆ ಶ್ರೀನಿವಾಸಯ್ಯ ಕುಳಿತು ಪೇಪರ್ ಓದಿ, ಡಬ್ಬ ಕುಸಿದು, ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡರು. ನಾಯಿ ಮಾತ್ರ ಯಾರದೋ ಮನೆಯ ರಿಪೇರಿಗೆ ತಂದು ಸುರಿದಿದ್ದ ಮರಳಿನ ಮೇಲೆ ಎಂದಿನಂತೆ ಮಲಗಿತು.

"ಅಲ್ಲಾ ಕಣೇ," ಎಂದರು ಗೋದಾ, "ಇದು ಹುಟ್ಟಿದ್ದು ಗಾಂಧಿ ಬಜಾರಿನ ಪಕ್ಕ. ಬೆಳಿಗ್ಗೆದ್ರೆ ಮಲ್ಲಿಗೆ, ಆಮೇಲೆ ಕಾಫಿಪುಡಿ, ಮಧ್ಯಾಹ್ನ ಬೇಕರಿ, ಸಾಯಂಕಾಲ ಕೊಳೆತ ಕೋಸು. ಇದರ ಮೂಗಿಗೆ ನೀನು ಇನ್ನೇನು ಕೆಲಸ ಕೊಡ್ತೀಯ? ಪಾಪ, ರಜ ಕೊಡು."

ಮನೆಯವರೆಲ್ಲ ನಕ್ಕರು. ತನ್ಮಯಿಯೂ ನಕ್ಕಳು. ಆ ಮಾತಿನಲ್ಲಿ 'ಪಾಪ' ಎಂಬ ಪದ ಇದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ಹೀಗೇ ನಡೆದುಕೊಂಡು ಹೋಗಿದ್ದರೆ ಕಥೆಯೇ ಇರುತ್ತಿರಲಿಲ್ಲ. ಮೇ ಮೂರನೇ ವಾರದಲ್ಲಿ ಒಂದು ಆಟೋ ಸರ್ರನೆ ತಿರುಗಿ ನಾಯಿಯ ಹಿಂಗಾಲಿನ ಪಕ್ಕದಲ್ಲೇ ಹಾದುಹೋಯಿತು. ಕೂದಲೆಳೆಯಲ್ಲಿ ತಪ್ಪಿತು. ಶೈಲಜಮ್ಮ ಕಿರುಚಿದ್ದು ಗಾಂಧಿ ಬಜಾರಿಗೆ ಕೇಳಿಸಿತು. ಆ ಸಂಜೆಯೇ ಅವರು ತಮ್ಮ ಸೋದರ ಕೈಲಾಸ್‌ಗೆ ಫೋನ್ ಮಾಡಿದರು. ಕೈಲಾಸ್‌ಗೆ ಹನುಮಂತನಗರದಲ್ಲಿ ದೊಡ್ಡ ಕಾಂಪೌಂಡಿನ ಮನೆ, ಒಳ್ಳೆಯ ಮನುಷ್ಯ, ನಾಯಿ ಎಂದರೆ ಪ್ರಾಣ. ಮಾರನೇ ದಿನವೇ ಬಂದು, "ಕೊಡಿ ಅಕ್ಕಾ, ನಾನ್ ಸಾಕ್ತೀನಿ. ಗೂಡು ಕಟ್ಟುಸ್ತೀನಿ, ಟೈಲ್ಸ್ ಹಾಕುಸ್ತೀನಿ" ಎಂದ. ಬೀದಿಗೆ ಬೀದಿಯೇ ಒಪ್ಪಿತು. ಶ್ರೀನಿವಾಸಯ್ಯ ಕೂಡ, "ನಮ್ಮ ಟೈಗರ್ ದೊಡ್ಡ ಮನೆ ಸೇರ್ತಾನೆ ಅಂದ್ರೆ ನಾನು ಅಡ್ಡ ಬರೋದಾ?" ಎಂದು ಕಣ್ಣೊರೆಸಿಕೊಂಡರು.

ಗೋದಾ ಕಿಟಕಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅದು ನನ್ನ ನಾಯಿ, ಅಂದುಬಿಟ್ಟರೆ ಮುಗಿಯಿತು. ಮೂರೇ ಮಾತು. ಆದರೆ ಆ ಮೂರು ಮಾತಿನ ಹಿಂದೆ ನಲವತ್ತು ವರ್ಷದ ಮಡಿ ಇತ್ತು. ಗೋಡೆಗೆ ಒರಗಿ ನಿಂತ ತಮ್ಮ ಇದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಎಂಟು ವರ್ಷದ ಆ ಹುಡುಗಿ ಇದ್ದಳು. ಅವಳ ಮುಖ ನೋಡಿ ಹೇಗೆ ಹೇಳುವುದು? ಅವಮಾನವಾಗಿ ಸತ್ತೇಹೋಗುತ್ತೇನೆ ಅನ್ನಿಸಿತು.

ತನ್ಮಯಿ ಮಾತ್ರ ಸುಮ್ಮನೆ ಒಪ್ಪಲಿಲ್ಲ. ತನ್ನ ಗೈಡ್ ಪ್ರೊಫೆಸರ್ ರಾಮಸ್ವಾಮಿಯವರನ್ನು ಕರೆತಂದಳು. ನಾಯಿಗಳ ಮನಸ್ಸಿನ ಬಗ್ಗೆ ಹದಿನೆಂಟು ವರ್ಷ ಪಾಠ ಮಾಡಿದ ಆ ಪುಣ್ಯಾತ್ಮರಿಗೆ ನಾಯಿ ಎಂದರೆ ಜೀವಭಯ. ಬಂದವರೇ ಶೈಲಜಮ್ಮನ ಮನೆಯ ಜಗಲಿ ಹತ್ತಿ, ಕಂಬ ಹಿಡಿದು ನಿಂತು ಅಭಿಪ್ರಾಯ ಕೊಟ್ಟರು.

"ನೋಡಮ್ಮಾ, ನಾಯಿಗೆ ತನ್ನವರು ಅಂತ ಒಬ್ಬ ಆಪ್ತ ಮನುಷ್ಯ ಇದ್ರೆ, ಅಲ್ಲಿಂದ ಕಿತ್ತು ಬೇರೆ ಕಡೆ ಹಾಕಬಾರದು. ಕುಗ್ಗಿಹೋಗತ್ತೆ. ಹಾಗೆ ಯಾರೂ ಇಲ್ದೆ, ಹಾಕಿದ ಮನೇಲಿ ತಿಂದ್ಕೊಂಡಿರೋ ನಾಯಿ ಆದ್ರೆ, ಕಾಂಪೌಂಡು ಇರೋ ಮನೇನೇ ಮೇಲು. ಮೊದಲು ಪರೀಕ್ಷೆ ಮಾಡೋಣ."

ಪರೀಕ್ಷೆ ಸುಲಭ. ಬೀದಿಯ ಏಳು ಮನೆಗಳಿಂದಲೂ ಒಬ್ಬೊಬ್ಬರು ಎರಡು ದಿನ ಉಟ್ಟ ಬಟ್ಟೆ ಕೊಡಬೇಕು. ಎಲ್ಲವನ್ನೂ ಸಾಲಾಗಿ ಇಡಬೇಕು. ನಾಯಿ ಯಾರ ವಾಸನೆಯ ಹತ್ತಿರ ಹೋಗಿ ಮಲಗುತ್ತದೋ ಅವರೇ ಅದರ ಆಪ್ತರು. "ಒಗೀಬೇಡಿ, ಹಾಗೇ ಕೊಡಿ" ಎಂದು ತನ್ಮಯಿ ಮನೆಮನೆಗೂ ಹೋಗಿ ಎರಡೆರಡು ಸಲ ಹೇಳಿದಳು. ಹೋಲಿಕೆಗೆ ಇರಲಿ ಎಂದು ತಮ್ಮ ಮನೆಯಿಂದ ಅತ್ತೆಯ ಬಟ್ಟೆಯನ್ನೇ ಕೇಳಿದಳು. "ಅತ್ತೆ ಹತ್ರ ನಾಯಿ ಹೋಗಲ್ಲ ಅಂತ ಎಲ್ರಿಗೂ ಗೊತ್ತಲ್ಲ, ಅದಕ್ಕೆ" ಎಂದಳು.

ಗೋದಾ ಆ ರಾತ್ರಿಯೆಲ್ಲ ದೇವರ ದಯೆಯನ್ನು ನೆನೆದರು. ಬಾಯಿ ಬಿಡದೆ ಗೆಲ್ಲುವ ದಾರಿ ಅದಾಗಿಯೇ ತೆರೆದಿತ್ತು. ಗುಂಡು ತಮ್ಮ ಸೀರೆಯ ತುಂಡಿನ ಮೇಲೆ ಹೋಗಿ ಮಲಗುತ್ತದೆ, ತಾವು ಅಯ್ಯೋ ಇದೇನಿದು ಎಂದು ಆಶ್ಚರ್ಯಪಡಬೇಕು, ಅಷ್ಟೇ. ಆದರೆ ಬೆಳಿಗ್ಗೆ ಉಟ್ಟ ಸೀರೆಯ ಸೆರಗು ಕತ್ತರಿಸಿ ಕೈಯಲ್ಲಿ ಹಿಡಿದಾಗ ಒಂದು ಯೋಚನೆ ಬಂತು. ಇದನ್ನು ಕಾಲೇಜಿನ ಪ್ರೊಫೆಸರು ನೋಡುತ್ತಾರೆ. ಎದುರುಮನೆಯ ಶೈಲಜಮ್ಮ ನೋಡುತ್ತಾರೆ. ಗೋದಾ ಮೇಡಂ ಮನೆಯಿಂದ ಬೆವರಿನ ಬಟ್ಟೆ ಬೀದಿಗೆ ಹೋಗುವುದೇ? ಒಂದೇ ಒಂದು ಸಲ ನೀರಿನಲ್ಲಿ ಅದ್ದಿದರೆ ಏನಾಗುತ್ತದೆ? ಅದ್ದಿದರು. ಅದ್ದಿದ ಮೇಲೆ ಸೋಪು ಹಚ್ಚದೆ ಬಿಡುವುದಕ್ಕೆ ಕೈ ಬರಲಿಲ್ಲ.

ಮಧ್ಯಾಹ್ನ ಏಳು ಬಟ್ಟೆಗಳೂ ಸಾಲಾಗಿ ಬಂದು ಕೂತವು. ಶೈಲಜಮ್ಮನ ರವಿಕೆಯಿಂದ ಸಂಪಿಗೆ ಅತ್ತರು ಘಮಘಮ ಎನ್ನುತ್ತಿತ್ತು. ಶ್ರೀನಿವಾಸಯ್ಯನ ಬನಿಯನ್ನಿಗೆ ನೀಲಿ ಹಾಕಿ, ಗಂಜಿ ಹಾಕಿ, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಲಾಗಿತ್ತು. ಮೂಲೆಮನೆಯವರು ಹೊಚ್ಚಹೊಸ ಟವೆಲನ್ನೇ ಕೊಟ್ಟಿದ್ದರು, ಚೀಟಿ ಕೂಡ ಕಿತ್ತಿರಲಿಲ್ಲ.

"ನಾನ್ ಒಗೀಬೇಡಿ ಅಂದಿದ್ನಲ್ಲ!" ತನ್ಮಯಿ ತಲೆ ಹಿಡಿದುಕೊಂಡಳು.

"ಒಗ್ದಿಲ್ಲಮ್ಮ, ಸುಮ್ನೆ ಜಾಲಾಡ್ಸಿದೀನಿ" ಎಂದರು ಶೈಲಜಮ್ಮ. "ಮೇಷ್ಟ್ರ ಮುಂದೆ ಕೊಳೆ ಬಟ್ಟೆ ಇಡಕ್ಕಾಗತ್ತಾ? ನಮಗೂ ಮರ್ಯಾದೆ ಇಲ್ವಾ?"

ನಾಯಿ ಬಂತು. ಮೊದಲನೆಯ ಬಟ್ಟೆ ಮೂಸಿತು, ಸೀನಿತು. ಎರಡನೆಯದನ್ನು ಮೂಸಿತು, ಎರಡು ಸಲ ಸೀನಿತು. ಗೋದಾ ಅವರ ಸೆರಗಿನ ಮುಂದೆ ಒಂದು ಕ್ಷಣ ನಿಂತಿತು. ಕಿಟಕಿಯ ಹಿಂದೆ ಗೋದಾ ಉಸಿರು ಬಿಗಿಹಿಡಿದರು. ನಾಯಿ ಅದನ್ನೂ ದಾಟಿ ಸೀದಾ ಜಗಲಿಯ ಕಡೆ ನಡೆದು, ಅಲ್ಲಿ ಪ್ರೊಫೆಸರು ಬಿಚ್ಚಿಟ್ಟಿದ್ದ ಬೂಟಿನೊಳಗಿಂದ ಕಾಲುಚೀಲ ಎಳೆದುಕೊಂಡು, ಅದರ ಮೇಲೆ ಗಲ್ಲವಿಟ್ಟು, ಹಾಯಾಗಿ ಕಣ್ಣು ಮುಚ್ಚಿತು. ಇಡೀ ಬೀದಿಯಲ್ಲಿ ಒಗೆಯದ ಬಟ್ಟೆ ಅದೊಂದೇ.

"ಅಂದ್ರೆ, ಇದರ ಆಪ್ತರು ನೀವೇ ಅಂತಾಯ್ತು ಸಾರ್" ಎಂದರು ಶ್ರೀನಿವಾಸಯ್ಯ.

"ನನ್ನ ಕಾಲುಚೀಲ ಪ್ರಯೋಗದಲ್ಲಿ ಇರಲಿಲ್ಲ!" ಎಂದು ಪ್ರೊಫೆಸರು ಕಂಬವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. "ಅದನ್ನ ಬಿಟ್ಟು ಬರ್ಕೊಳಮ್ಮಾ. ಆಪ್ತರು ಯಾರೂ ಇಲ್ಲ."

ತೀರ್ಮಾನವಾಯಿತು. ಮೇ ಮೂವತ್ತು, ಭಾನುವಾರ ಬೆಳಿಗ್ಗೆ ಕೈಲಾಸ್ ಬಂದು ನಾಯಿಯನ್ನು ಕರೆದುಕೊಂಡು ಹೋಗುವುದು. ಗೋದಾ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದರು. ಆ ದರಿದ್ರ ಸೋಪಿನ ಮೇಲೆ, ತಮ್ಮ ಕೈಯ ಮೇಲೆ, ಎಷ್ಟು ಕೋಪ ಬಂತೆಂದರೆ ಒಂದು ಸೌಟು ಬಗ್ಗಿಹೋಯಿತು.

ಶನಿವಾರ ಸಂಜೆ ತನ್ಮಯಿ ನೋಟ್‌ಬುಕ್ಕು ತಂದು ಅತ್ತೆಯಿಂದ ಮೂರು ಹೆಜ್ಜೆ ದೂರದಲ್ಲಿ ಇಟ್ಟಳು. "ಅತ್ತೆ, ಈ ಪಟ್ಟಿ ಸ್ವಲ್ಪ ಸರಿ ಇದೆಯಾ ನೋಡ್ತೀರಾ? ಸರಾಸರಿ ತೆಗೆದಿದೀನಿ, ಕೂಡಿದ್ದು ಎಲ್ಲೋ ತಪ್ಪಿರತ್ತೆ."

ಗೋದಾ ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಕುಳಿತರು. ಮನಸ್ಸು ಎಲ್ಲೋ ಇದ್ದರೂ ಕಣ್ಣು ತನ್ನಷ್ಟಕ್ಕೆ ಕೂಡುತ್ತಾ ಹೋಯಿತು. ದಿನ, ನಡೆದ ದೂರ, ಮಲಗಿದ ಹೊತ್ತು, ತಿಂದದ್ದು. ಒಂದು ಪುಟದಲ್ಲಿ ತನ್ಮಯಿ ಐದು ದಿನಗಳನ್ನು ಬೇರೆ ತೆಗೆದು ಬರೆದಿದ್ದಳು. ಆ ಐದು ದಿನವೂ ನಾಯಿ ಎಲ್ಲೂ ತಿಂದಿರಲಿಲ್ಲ. ಶೈಲಜಮ್ಮನ ಕೈಬರಹದಲ್ಲಿ, "ಗಲ್ಲಿಗೇ ಹೋಗಿ ಚಪಾತಿ ಹಾಕ್ದೆ, ಮೂಸಿ ಬಿಟ್ಬಿಡ್ತು. ತುಪ್ಪ ಹಾಕ್ದೆ, ಆಗ್ಲೂ ಇಲ್ಲ." ಅದರ ಕೆಳಗೆ ತನ್ಮಯಿಯ ಬರಹ: "ಇಡೀ ದಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಹಿಂಬಾಗಿಲಿಗೆ ಮುಖ ಮಾಡಿ ಮಲಗಿದೆ. ಕರೆದರೂ ಬರುವುದಿಲ್ಲ. ಕಿವಿ ಜೋತಿದೆ. ದುಃಖದ ಲಕ್ಷಣ." ಕಾರಣ ಎಂಬ ಅಂಕಣದಲ್ಲಿ ಐದು ಕಡೆಯೂ ಒಂದೇ ಮಾತು: "ಚಂದ್ರನ ಪ್ರಭಾವ?"

ಮಾರ್ಚಿ ಹದಿನೇಳು. ಏಪ್ರಿಲ್ ಒಂದು. ಏಪ್ರಿಲ್ ಹದಿನಾರು. ಏಪ್ರಿಲ್ ಮೂವತ್ತು. ಮೇ ಹದಿನೈದು.

ಗೋದಾ ಅವರ ಪೆನ್ನು ನಿಂತಿತು. ಎದ್ದು ಮೊಳೆಗೆ ನೇತುಹಾಕಿದ್ದ ಪಂಚಾಂಗ ತೆಗೆದರು. ತೆಗೆಯುವ ಅಗತ್ಯವೇ ಇರಲಿಲ್ಲ, ಬಾಯಿಪಾಠವಾಗಿತ್ತು. ಐದೂ ಏಕಾದಶಿ.

ಏಕಾದಶಿಯ ದಿನ ಗೋದಾ ನಾಲ್ಕಕ್ಕೇ ಎದ್ದು ಸ್ನಾನ ಮಾಡುತ್ತಿದ್ದರು. ಹನಿ ನೀರಿಲ್ಲದ ಉಪವಾಸ, ಇಡೀ ದಿನ ಮಡಿ. ಹಿಂಬಾಗಿಲು ತೆರೆಯುತ್ತಲೇ ಇರಲಿಲ್ಲ. ಮಾರನೆಯ ದಿನ, ದ್ವಾದಶಿಯ ಬೆಳಕು ಹರಿಯುವ ಹೊತ್ತಿಗೆ ಅಡುಗೆ ಮಾಡಿ ಪಾರಣೆ ಮುಗಿಸಿ, ಅದೇ ಬಿಸಿ ಅನ್ನ, ಅಗಸೆ ಸೊಪ್ಪಿನ ಪಲ್ಯ ಎಲೆಗೆ ಹಾಕಿ ಹೊಸ್ತಿಲಾಚೆ ಇಟ್ಟು, ಮಡಿಯಲ್ಲಿದ್ದುದರಿಂದ ಮೂರು ಹೆಜ್ಜೆ ಹಿಂದೆ ನಿಂತು ನೋಡುತ್ತಿದ್ದರು. ಆ ದಿನ ಗುಂಡು ಗಬಗಬನೆ ತಿನ್ನುತ್ತಿತ್ತು. ಅದಕ್ಕೆ ಸೊಪ್ಪು ಇಷ್ಟ ಅಂದುಕೊಂಡಿದ್ದರು. ಏಕಾದಶಿಯ ದಿನ ಅದು ಶೈಲಜಮ್ಮನ ಮನೆಯಲ್ಲಿ ಹೊಟ್ಟೆ ಬಿರಿಯ ತಿಂದು ಮಲಗುತ್ತದೆ ಎಂದೇ ನಾಲ್ಕು ವರ್ಷ ನಂಬಿದ್ದರು. ಜಪಮಣಿ ಎಣಿಸುತ್ತಾ, ಅಲ್ಲಿ ತುಪ್ಪದ ಚಪಾತಿ ಸಿಕ್ಕರೆ ನನ್ನ ನೆನಪು ಯಾಕೆ ಬರುತ್ತದೆ ಎಂದು ಹೊಟ್ಟೆಕಿಚ್ಚು ಪಟ್ಟಿದ್ದರು. ಹೌದು, ದೇವರ ಮುಂದೆ ಕೂತು, ನಾಯಿಯ ಮೇಲೆ.

ಅದೋ, ಬಾಗಿಲಿನ ಆಚೆ ತಾನೂ ಏನೂ ತಿನ್ನದೆ ಮಲಗಿತ್ತು. ನಾಲ್ಕು ವರ್ಷ. ತಿಂಗಳಿಗೆ ಎರಡು.

ಗೋದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ತಾಯಿ ಸತ್ತಾಗಲೂ ಅವರು ಹಾಗೆ ಅತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಏನೂ ತಿದ್ದದೆ, ಮೂರು ಹೆಜ್ಜೆ ದೂರದಲ್ಲಿ ಇಟ್ಟು, "ಕೂಡಿದ್ದು ಸರಿ ಇದೆ" ಎಂದಷ್ಟೇ ಹೇಳಿ ಮಲಗಲು ಹೋದರು.

ಬೆಳಗಾದರೆ ಭಾನುವಾರ, ಮೇ ಮೂವತ್ತು. ಬೇಕೆಂದೇ ಇಟ್ಟ ಹಾಗೆ ಆ ದಿನವೂ ಏಕಾದಶಿ.

ಒಂಬತ್ತಕ್ಕೆ ಕೈಲಾಸ್‌ನ ಮಾರುತಿ ವ್ಯಾನು ಬಂತು. ಹೊಸ ಬೆಲ್ಟು, ಒಂದು ಕಿಲೋ ಬೆಣ್ಣೆ ಬಿಸ್ಕತ್ತು. ನಾಯಿ ಹಿಂದಿನ ಗಲ್ಲಿಯಲ್ಲಿದೆ ಎಂದು ಎಲ್ಲರೂ ಅಲ್ಲಿಗೆ ಹೋದರು. ಪ್ರೊಫೆಸರು ಒಂದು ಚಪ್ಪಡಿ ಕಲ್ಲು ಹುಡುಕಿ ಅದರ ಮೇಲೆ ನಿಂತರು. ಗೋದಾ ಮಡಿಯುಟ್ಟು ಅಡುಗೆಮನೆಯಲ್ಲಿ, ಮುಚ್ಚಿದ ಹಿಂಬಾಗಿಲಿನ ಈಚೆ ನಿಂತಿದ್ದರು. ಆಚೆಯ ಒಂದೊಂದು ಮಾತೂ ಕೇಳಿಸುತ್ತಿತ್ತು.

"ಬಾರೋ ರಾಜಾ, ಬಿಸ್ಕೀಟ್ ನೋಡು."

"ಮೂಸ್ತಾನೂ ಇಲ್ವಲ್ಲ ಕೈಲಾಸ್. ತಡಿ, ಚಪಾತಿಗೆ ತುಪ್ಪ ಸವರ್ಕೊಂಡು ಬರ್ತೀನಿ."

"ಟೈಗರ್! ಕಮಾನ್ ಟೈಗರ್! ನಾನ್ ಹೇಳಿದ್ರೆ ಎದ್ದೇಳ್ತಾನೆ ನೋಡಿ." ಎರಡು ಸಲ ಚಪ್ಪಾಳೆಯ ಸದ್ದು. "ಇವತ್ತು ಯಾಕೋ ಮೂಡ್ ಇಲ್ಲ."

"ಹಾಗೇ ಎತ್ಕೊಂಡ್ಬಿಡ್ತೀನಿ, ಪಾಪ ಸಾಧು" ಎಂದ ಕೈಲಾಸ್.

ಎತ್ತಿಕೊಂಡ. ಗುಂಡು ಕಚ್ಚಲಿಲ್ಲ, ಬೊಗಳಲಿಲ್ಲ. ಕುಂಯ್ ಎಂದು ಒಂದೇ ಸಣ್ಣ ದನಿ ಮಾಡಿತು. ಬಾಗಿಲಿನ ಈಚೆ ಗೋದಾ ಅವರ ಕೈ ಅವರನ್ನು ಕೇಳದೆ ಚಿಲಕಕ್ಕೆ ಹೋಯಿತು.

ಏಕಾದಶಿಯ ದಿನ ತೆರೆಯದ ಬಾಗಿಲು ಧಡಾರನೆ ತೆರೆದುಕೊಂಡಿತು. ಗುಂಡು ಕೈಲಾಸ್‌ನ ಕೈಯಿಂದ ನುಣುಚಿಕೊಂಡು, ಬೆಲ್ಟು ಎಳೆದುಕೊಂಡೇ ಓಡಿಬಂತು. ಬಂದದ್ದು ಹೊಸ್ತಿಲಿನಿಂದ ಮೂರು ಹೆಜ್ಜೆ ಆಚೆಗೆ ಗಕ್ಕನೆ ನಿಂತಿತು. ಒಮ್ಮೆ ಗಾಳಿ ಮೂಸಿತು. ಸ್ನಾನವಾಗಿದೆ. ಮಡಿಯಲ್ಲಿದ್ದಾರೆ. ಅಲ್ಲೇ ಹಿಂಗಾಲು ಮಡಿಚಿ ಕುಳಿತು, ಬಾಲದ ಬಿಳಿ ತುದಿಯನ್ನು ಮಾತ್ರ ನೆಲಕ್ಕೆ ಬಡಿಯತೊಡಗಿತು.

ರಾಮಾನುಜ ಅಕ್ಕನ ಮುಖವನ್ನೂ ನಾಯಿಯ ಮುಖವನ್ನೂ ನೋಡಿದ. "ನನ್ ಹಾಗೇ ನಿಂತಿದೆಯಲ್ಲೇ ಇದೂ!" ಎಂದ.

ಗೋದಾ ಹೊಸ್ತಿಲು ದಾಟಿದರು. ಒಂದು, ಎರಡು, ಮೂರು. ಮಡಿಸೀರೆಯಲ್ಲೇ ಗಲ್ಲಿಯ ಧೂಳಿನಲ್ಲಿ ಕುಳಿತು ನಾಯಿಯನ್ನು ಮಡಿಲಿಗೆ ಎಳೆದುಕೊಂಡರು. "ಗುಂಡೂ, ಹೊಟ್ಟೆ ಹಸ್ಕೊಂಡು ಬಿದ್ದಿರ್ತಿದ್ಯಲ್ಲೋ. ಹೇಳ್ಬಾರ್ದಾ?" ಎಂದು ಅದರ ಮಡಿಚಿದ ಕಿವಿಯನ್ನು ನೀವತೊಡಗಿದರು. ಶೈಲಜಮ್ಮ ತಂದ ಚಪಾತಿ ಕೈಯಲ್ಲೇ ಉಳಿಯಿತು.

"ಮೇಡಂ, ಮಡಿ... ಮಡಿ..." ಎಂದರು ಶ್ರೀನಿವಾಸಯ್ಯ.

"ಇನ್ನೆರಡು ಚೆಂಬು ನೀರು ಹುಯ್ಕೊಂಡ್ರೆ ಮಡಿ ವಾಪಸ್ ಬರತ್ತೆ ಶ್ರೀನಿವಾಸಯ್ಯನವರೇ. ಇದು ಹೋದ್ರೆ ಬರಲ್ಲ." ಅವರು ಪ್ರೊಫೆಸರ ಕಡೆ ತಿರುಗಿದರು. "ಇದಕ್ಕೆ ಆಪ್ತರು ಇದಾರೆ ಸಾರ್. ನಾಲ್ಕು ವರ್ಷದಿಂದ ಇದಾರೆ. ನಾನು ಬಟ್ಟೆ ಒಗ್ದುಬಿಟ್ಟೆ, ಅದಕ್ಕೆ ಗೊತ್ತಾಗ್ಲಿಲ್ಲ. ಏಕಾದಶಿ ದಿನ ನಾನು ಊಟ ಮಾಡಲ್ಲ, ಅದೂ ಮಾಡಲ್ಲ. ನೋಟ್‌ಬುಕ್ಕಲ್ಲಿದೆ."

"ಏಕಾದಶಿನಾ?" ಶ್ರೀನಿವಾಸಯ್ಯ ತಟ್ಟನೆ ಎದೆ ಸೆಟೆದರು. "ಹಾಗಾದ್ರೆ ಅದು ನನ್ನ ಜೊತೆ ಉಪವಾಸ ಇರೋದು! ನಾನೂ ಏಕಾದಶಿ ಮಾಡ್ತೀನಲ್ಲ. ನಾನ್ ಹೇಳ್ಲಿಲ್ವಾ, ಟೈಗರ್ ನಮ್ಮದೇ ಅಂತ!"

ಗೋದಾ ತರಗತಿಯ ಹಿಂದಿನ ಬೆಂಚನ್ನು ನೋಡುವ ನೋಟದಿಂದ ಅವರನ್ನು ನೋಡಿದರು. "ಏಪ್ರಿಲ್‌ನಲ್ಲಿ ನಿಮಗೂ ನಮಗೂ ಏಕಾದಶಿ ಬೇರೆ ಬೇರೆ ಬಂದಿತ್ತು. ಸ್ಮಾರ್ತರು ನಿಮ್ಮದು ಹದಿನೈದು, ಶ್ರೀವೈಷ್ಣವರು ನಮ್ಮದು ಹದಿನಾರು. ಪಂಚಾಂಗ ನೋಡ್ಕೊಳಿ. ತನು, ಹದಿನೈದನೇ ತಾರೀಕು ಓದು."

ತನ್ಮಯಿ ನೋಟ್‌ಬುಕ್ಕು ಬಿಚ್ಚಿದಳು. ಪುಟ ತಿರುವಿದಳು. "ಹದಿನೈದು, ಶೈಲಜಮ್ಮನವರ ಮನೇಲಿ ಚಪಾತಿ ನಾಲ್ಕು. ಮೂಲೆಮನೇಲಿ ಇಡ್ಲಿ ಎರಡು. ಹದಿನಾರು..." ಅವಳು ಅತ್ತೆಯ ಕಡೆ ನೋಡಿದಳು. "ಹದಿನಾರು, ಏನೂ ಇಲ್ಲ."

ಶ್ರೀನಿವಾಸಯ್ಯನ ಎದೆ ಮೆಲ್ಲಗೆ ಮೊದಲಿನ ಜಾಗಕ್ಕೆ ಹೋಯಿತು. ಪ್ರೊಫೆಸರು ಕಲ್ಲಿನ ಮೇಲಿಂದಲೇ ಕೈ ಮುಗಿದು, "ಇಷ್ಟು ಗಟ್ಟಿ ಸಾಕ್ಷಿ ನನ್ನ ಸರ್ವೀಸಲ್ಲೇ ನೋಡಿಲ್ಲ" ಎಂದರು. ಕೈಲಾಸ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಟೈಲ್ಸ್ ಹಾಕ್ಸಿಬಿಟ್ಟಿದೀನಲ್ಲ ಮೇಡಂ," ಎಂದ. ಆಮೇಲೆ ಅವನೇ ನಕ್ಕು, "ಹೋಗ್ಲಿ ಬಿಡಿ, ಬೆಲ್ಟ್ ನೀವೇ ಇಟ್ಕೊಳಿ. ಬಿಸ್ಕೀಟೂ ಇಟ್ಕೊಳಿ, ನಾಳೆ ತಿನ್ಲಿ" ಎಂದು ಪೊಟ್ಟಣವನ್ನು ಮೆಟ್ಟಿಲ ಮೇಲೆ ಇಟ್ಟ.

ಜನ ಚದುರಿದರು. ತನ್ಮಯಿ ಮಾತ್ರ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತಿದ್ದಳು. ಅತ್ತೆ ತಲೆ ಎತ್ತಲಿಲ್ಲ.

"ಹದಿನಾಲ್ಕು ವರ್ಷ ಆಯ್ತು ಅತ್ತೆ," ಎಂದಳು ಅವಳು. "ನನ್ ಮರಿ ಸ್ಕೂಲ್ ಬ್ಯಾಗಲ್ಲಿತ್ತು."

"ಗೊತ್ತು" ಎಂದರು ಗೋದಾ. "ತಪ್ಪು ಮಾಡ್ದೆ ಕಣೇ. ಆವತ್ತೇ ಗೊತ್ತಾಯ್ತು ತಪ್ಪು ಅಂತ. ಹೇಳಕ್ಕೆ ಬಾಯಿ ಬರ್ಲಿಲ್ಲ."

ತನ್ಮಯಿ ಬಂದು ಅತ್ತೆಯ ಪಕ್ಕ, ಮೈಗೆ ಮೈ ತಾಗುವಷ್ಟು ಹತ್ತಿರ ಧೂಳಿನಲ್ಲಿ ಕುಳಿತಳು. ನಾಯಿ ಇಬ್ಬರ ಮಡಿಲಿನ ಮೇಲೂ ಅಡ್ಡಕ್ಕೆ ಚಾಚಿಕೊಂಡಿತು. ಬಹಳ ಹೊತ್ತು ಯಾರೂ ಏಳಲಿಲ್ಲ.

"ಆ ಪುಸ್ತಕ ಕೊಡು" ಎಂದರು ಗೋದಾ ಕೊನೆಗೆ. "ಕೆಂಪು ಪೆನ್ನೂ ಕೊಡು. ನಿನ್ನೆ ಸರಿಯಾಗಿ ನೋಡಿರ್ಲಿಲ್ಲ."

ಐದು ದಿನಗಳ ಆ ಪುಟ ತೆಗೆದರು. ಕಾರಣ ಎಂಬ ಅಂಕಣದಲ್ಲಿ "ಚಂದ್ರನ ಪ್ರಭಾವ?" ಎಂದಿದ್ದ ಐದು ಕಡೆಯೂ ಅಡ್ಡಗೆರೆ ಎಳೆದು, ಪ್ರತಿಯೊಂದರ ಪಕ್ಕದಲ್ಲೂ ಗುಂಡಗಿನ ಅಕ್ಷರದಲ್ಲಿ "ನಾನು" ಎಂದು ಬರೆದರು. ಮೂವತ್ತಮೂರು ವರ್ಷದ ರೂಢಿಯಂತೆ ಕೆಳಗೊಂದು ಸಹಿ ಹಾಕಿ, ತಾರೀಕು ಹಾಕಿ, ಪುಸ್ತಕವನ್ನು ನೆಲದ ಮೇಲಿಡದೆ ತನ್ಮಯಿಯ ಕೈಗೇ ಕೊಟ್ಟರು.